ಮೈಕಿಲ್ಲದವನ ಬಂಧನ

ಕೊಲೆಯಾಗಿದ್ದಾಳೆ ಎಂದು ಪೊಲೀಸರು ಬರೆದುಕೊಂಡಿದ್ದ ಹೆಂಗಸೊಬ್ಬಳು 2025ರ ಏಪ್ರಿಲ್‌ನಲ್ಲಿ ಮೈಸೂರಿನ ಸೆಷನ್ಸ್ ಕೋರ್ಟಿನ ಮುಂದೆ ಜೀವಂತ ಬಂದು ನಿಂತಳು. ಅವಳನ್ನು ಕೊಂದ ಅಂತ ಅವಳ ಗಂಡನನ್ನು ವರ್ಷಕ್ಕೂ ಮೀರಿ ಜೈಲಿನಲ್ಲಿ ಕೊಳೆ ಹಾಕಿದ್ದರು. ಆತ ಕುಶಾಲನಗರದ ಕಡೆಯ ಆದಿವಾಸಿ. ಊರಿಗೆ ಊರೇ ಸುದ್ದಿ ಓದಿ ಬಾಯಿ ಚಪ್ಪರಿಸಿತು. ಒಳ್ಳೆ ಸಿನಿಮಾ ಕತೆ ಇದ್ದಂಗಿದೆ ಕಣ್ರೀ ಅಂದಿತು. ನಮ್ಮ ತಕರಾರು ಇರುವುದು ಈ ಚಪ್ಪರಿಕೆಯ ಬಗ್ಗೆ. ಅದಕ್ಕಿಂತ ಹೆಚ್ಚಾಗಿ, ಅದಕ್ಕೆ ಮುಂಚಿನ ನಮ್ಮದೇ ಮೌನದ ಬಗ್ಗೆ.

ನಡೆದದ್ದು ಇಷ್ಟು. 2020ರ ಕೊನೆಯ ಹೊತ್ತಿಗೆ ಹೆಂಡತಿ ಮನೆ ಬಿಟ್ಟು ಹೋದಳು. ಕಾಣೆಯಾಗಿದ್ದಾಳೆ ಸ್ವಾಮಿ, ಹುಡುಕಿ ಕೊಡಿ ಅಂತ ಠಾಣೆ ಮೆಟ್ಟಿಲು ಹತ್ತಿದವನು ಗಂಡನೇ. ಅತ್ತ ಪಿರಿಯಾಪಟ್ಟಣ ತಾಲ್ಲೂಕಿನ ಬೆಟ್ಟದಪುರ ಠಾಣೆಯ ಸರಹದ್ದಿನಲ್ಲಿ ಒಂದು ಅಸ್ಥಿಪಂಜರ ಸಿಕ್ಕಿತ್ತು. ಒಂದು ಕಡೆ ಗುರುತಿಲ್ಲದ ಮೂಳೆ, ಇನ್ನೊಂದು ಕಡೆ ಹೇಳೋರು ಕೇಳೋರಿಲ್ಲದ ಗಂಡ. ಎರಡನ್ನೂ ಸೇರಿಸಿ ಹೊಲಿದರೆ ಕೇಸು ಮುಗೀತು. ಡಿಎನ್‌ಎ ವರದಿ ಕೈಸೇರುವ ಮುಂಚೆಯೇ ಚಾರ್ಜ್‌ಶೀಟು ಹೋಯಿತು. ವರದಿ ಬಂದಾಗ ಮೂಳೆ ಆಕೆಯದಲ್ಲ ಎಂದಾಯಿತು. ಆದರೂ ಕೇಸು ನಿಲ್ಲಲಿಲ್ಲ. ಕಡೆಗೆ ಅವನನ್ನು ಉಳಿಸಿದ್ದು ಡಿಎನ್‌ಎ ಅಲ್ಲ, ಕಾನೂನಲ್ಲ, ಚಳವಳಿಯಂತೂ ಅಲ್ಲವೇ ಅಲ್ಲ. ಮಡಿಕೇರಿಯ ಹೋಟೆಲೊಂದರಲ್ಲಿ ಆಕೆಯನ್ನು ಗುರುತು ಹಿಡಿದ ಅವನ ಗೆಳೆಯರ ಕಣ್ಣು.

ಕೋರ್ಟು ಅವನನ್ನು ಬಿಡುಗಡೆ ಮಾಡಿತು. ಗೃಹ ಇಲಾಖೆ 1 ಲಕ್ಷ ರೂಪಾಯಿ ಕೊಡಬೇಕು, ತನಿಖೆ ಮಾಡಿದವರ ಮೇಲೆ ಕ್ರಮ ಆಗಬೇಕು ಎಂದಿತು. ಆದಿವಾಸಿಯೊಬ್ಬನ ಯೌವನದ ದಿನಗಳನ್ನು, ಮಕ್ಕಳು ಕೇಳಿಸಿಕೊಂಡ 'ಕೊಲೆಗಾರನ ಮಕ್ಕಳು' ಎಂಬ ಮಾತನ್ನು 1 ಲಕ್ಷಕ್ಕೆ ತೂಗಿದ ತಕ್ಕಡಿ ಯಾವುದೋ ನಮಗೆ ತಿಳಿಯದು.

ಆಗ ಜನ ಏನು ಮಾತಾಡಿದರು? ಹೆಂಗಸಿನ ಬಗ್ಗೆ ಮಾತಾಡಿದರು. ಯಾರ ಜೊತೆ ಓಡಿಹೋದಳು, ಎಂಥ ಹೆಂಡತಿ, ಇತ್ಯಾದಿ. ಅವಳು ಯಾರ ಜೊತೆ ಬಾಳಿದಳೋ ಅದು ಅವಳ ಬದುಕು. ಅವಳು ಗಂಡನನ್ನು ಬಿಟ್ಟಿರಬಹುದು, ಜೈಲಿಗೆ ಹಾಕಲಿಲ್ಲ. ಹಾಕಿದವರು ಖಾಕಿ ತೊಟ್ಟವರು, ಸರ್ಕಾರದ ಸಂಬಳ ತಿನ್ನುವವರು. ಖಾಕಿಯ ತಪ್ಪನ್ನು ಸೀರೆಯ ಸೆರಗಿಗೆ ಕಟ್ಟಿ ಮೇಲ್ಜಾತಿ ಮನಸ್ಸು ಹಾಯಾಗಿ ಕಾಫಿ ಕುಡಿಯಿತು. ನಮ್ಮ ಕೇರಿಯ ಗಂಡಸರೂ ಈ ಮಾತಿನಲ್ಲಿ ಹಿಂದೆ ಬೀಳಲಿಲ್ಲ, ಅದನ್ನೂ ಹೇಳಿಬಿಡೋಣ.

ಇನ್ನು ನಮ್ಮ ಸರದಿ. 2016ರ ಜೂನ್‌ನಲ್ಲಿ ಮೈಸೂರು ವಿಶ್ವವಿದ್ಯಾನಿಲಯದ ಪ್ರೊಫೆಸರ್ ಮಹೇಶ್ ಚಂದ್ರ ಗುರು ರಾಮನ ಬಗ್ಗೆ ಆಡಿದ ಮಾತಿಗಾಗಿ ಜೈಲು ಸೇರಿದಾಗ ನಮ್ಮವರು ಬೀದಿಗಿಳಿದರು. ಇಳಿದದ್ದು ಸರಿ, ಮತ್ತೆ ಅಂಥದಾದರೆ ಮತ್ತೆ ಇಳಿಯಬೇಕು. ನಮ್ಮ ಚಳವಳಿ ಹುಟ್ಟಿದ್ದೇ ಹಾಗೆ ಅಲ್ಲವೆ? 1973ರ ನವೆಂಬರ್‌ನಲ್ಲಿ ಇದೇ ಮೈಸೂರಿನಲ್ಲಿ ಮಂತ್ರಿ ಬಸವಲಿಂಗಪ್ಪನವರು ಕನ್ನಡ ಸಾಹಿತ್ಯವನ್ನು ಬೂಸಾ ಎಂದರು. ಹಾಸ್ಟೆಲಿನ ದಲಿತ ಹುಡುಗರ ಮೇಲೆ ಏಟು ಬಿದ್ದವು, ಬಸವಲಿಂಗಪ್ಪನವರ ಮಂತ್ರಿಗಿರಿ ಹೋಯಿತು, ಆ ಸಿಟ್ಟಿನಿಂದ ನಾವು ಒಗ್ಗಟ್ಟಾದೆವು. ಅಂದಿನಿಂದಲೂ, ಮಾತಾಡಿದವನ ಬೆನ್ನಿಗೆ ನಿಲ್ಲುವುದು ನಮಗೆ ಗೊತ್ತು. ಮಾತೇ ಆಡಲಾಗದವನ ಬೆನ್ನಿಗೆ? ಭಾಷಣ ಮಾಡದವನು, ಪುಸ್ತಕ ಬರೆಯದವನು, ಸುಮ್ಮನೆ ಒಂದು ದೂರು ಕೊಡಲು ಹೋಗಿ ಆರೋಪಿಯಾದವನು?

ಇದು ನಮ್ಮೂರಿನ ಕಾಯಿಲೆ ಮಾತ್ರವಲ್ಲ. 2009ರ ಜುಲೈನಲ್ಲಿ ಅಮೆರಿಕಾದ ಕೇಂಬ್ರಿಜ್ ಊರಿನಲ್ಲಿ ಹೆನ್ರಿ ಲೂಯಿಸ್ ಗೇಟ್ಸ್ ಎಂಬ ಕರಿಯ ಪ್ರೊಫೆಸರನ್ನು ಪೊಲೀಸರು ಅವನ ಮನೆಯಲ್ಲೇ ಹಿಡಿದು ಬೇಡಿ ಹಾಕಿದರು. ಹಾರ್ವರ್ಡಿನ ಮೇಷ್ಟ್ರು. ದೇಶವೇ ಎದ್ದಿತು, ಅಧ್ಯಕ್ಷ ಒಬಾಮಾ ಪೊಲೀಸರದ್ದು ದಡ್ಡತನ ಎಂದರು, ಕೇಸು ಕೆಲವೇ ದಿನದಲ್ಲಿ ಬಿದ್ದುಹೋಯಿತು. ಆಮೇಲೆ ಪ್ರೊಫೆಸರನ್ನೂ ಪೊಲೀಸನನ್ನೂ ಶ್ವೇತಭವನಕ್ಕೆ ಕರೆದು ಬಿಯರು ಕುಡಿಸಿದರು. ಪ್ರೊಫೆಸರಲ್ಲದ ಕರಿಯನಿಗೆ ಯಾವ ಬಿಯರು?

ನಮ್ಮ ಮೈಸೂರಿನಲ್ಲೂ ಅಷ್ಟೆ. ಪುರಭವನದ ಮುಂದೆ ಅಂಬೇಡ್ಕರ್ ಪ್ರತಿಮೆಯ ಹತ್ತಿರ ಘೋಷಣೆ ಕೂಗುವ ನಾವು ಜೈಲಿನ ಗೇಟಿನ ಹತ್ತಿರ ಹೋಗಿ, ಒಳಗೆ ಎಷ್ಟು ಮಂದಿ ಹಾಡಿಯವರಿದ್ದಾರೆ, ಯಾವ ಕೇಸು, ಜಾಮೀನಿಗೆ ಯಾರಿದ್ದಾರೆ ಅಂತ ಕೇಳಿದವರಲ್ಲ. 1989ರ ದೌರ್ಜನ್ಯ ತಡೆ ಕಾಯ್ದೆಯಲ್ಲಿ ಪರಿಶಿಷ್ಟರ ಮೇಲೆ ಸುಳ್ಳು ಮೊಕದ್ದಮೆ ಹೂಡುವುದೇ ಅಪರಾಧ ಎಂಬ ಕಲಮಿದೆ. ಸರ್ಕಾರಿ ನೌಕರ ಬೇಕೆಂದೇ ಕರ್ತವ್ಯ ಬಿಟ್ಟರೆ ಅವನಿಗೂ ಶಿಕ್ಷೆಯಿದೆ. ಅಂಬೇಡ್ಕರ್ ಜಯಂತಿಯಲ್ಲಿ ಈ ಕಾಯ್ದೆಯ ಹೆಸರು ಹೇಳಿ ಚಪ್ಪಾಳೆ ಗಿಟ್ಟಿಸುತ್ತೇವೆ. ಅದನ್ನು ಹಾಡಿಯ ಜಗಲಿಯ ಮೇಲೆ ಕೂತು ಓದಿ ಹೇಳಿದ್ದು ಎಷ್ಟು ಸಲ?

ಇನ್ನೂ ಒಂದು ಮಾತು ಉಳಿದಿದೆ. ಹೆಂಡತಿ ಬದುಕಿದ್ದಾಳೆ, ಗಂಡ ಬಿಡುಗಡೆಯಾದ. ಹಾಗಾದರೆ ಬೆಟ್ಟದಪುರದ ಕಡೆ ಸಿಕ್ಕ ಆ ಮೂಳೆಗಳು ಯಾರವು? ಬೇರೆ ಹೆಸರು ಬರೆದು ಕಡತ ಕಟ್ಟಿಟ್ಟಾಗಲೇ, ನಿಜಕ್ಕೂ ಸತ್ತವರನ್ನು ಹುಡುಕುವ ಕೆಲಸ ನಿಂತುಹೋಯಿತು. ಪಿರಿಯಾಪಟ್ಟಣ, ಹುಣಸೂರು, ಕುಶಾಲನಗರದ ಕಡೆ ಮೇಷ್ಟ್ರುಗಳಾಗಿರುವ ಗೆಳೆಯರೆ, 2020ರ ಆಸುಪಾಸಿನಲ್ಲಿ ನಿಮ್ಮ ಹಾಡಿಯಿಂದ, ಕೇರಿಯಿಂದ, ತೋಟದ ಲೈನುಮನೆಯಿಂದ ಯಾರು ಹೋದವರು ಹಿಂದಕ್ಕೆ ಬರಲಿಲ್ಲ ಅಂತ ವಿಚಾರಿಸಿ. ಶಾಲೆಯ ಮಕ್ಕಳನ್ನು ಕೇಳಿದರೆ ಗೊತ್ತಾಗುತ್ತೆ. ಗೊತ್ತಾದದ್ದನ್ನು ನಮಗೆ ಬರೆದು ಕಳಿಸಿ.