ಗಾಜು, ಕಟ್ಟಿಗೆ ಮತ್ತು ಒಂದು ವರದಿಯ ಓದು

ಕಳೆದ ಜೂನ್‌ನಲ್ಲಿ ಅಕ್ಕ ಆರು ಪುಟಗಳ ವರದಿಯೊಂದನ್ನು ನನ್ನ ಮುಂದಿಟ್ಟಳು. “ತಮ್ಮಾ, ಇದ್ರಾಗ ಏನ ಬರದಾರ ನೋಡು. ನಮ್ಮ ಹುಡುಗ ದಡ್ಡ ಅದಾನ ಅಂತನೇನು?” ಅಳಿಯ ಇಂಗ್ಲಿಷ್ ಮಾಧ್ಯಮದಲ್ಲಿ ಐದನೇ ತರಗತಿ. ಓದು-ಬರಹದಲ್ಲಿ ಹಿಂದೆ ಬಿದ್ದಿದ್ದಾನೆಂದು ಶಾಲೆಯವರು ಹೇಳಿದ ಮೇಲೆ ಅವನನ್ನು ಮನೋವೈಜ್ಞಾನಿಕ ಪರೀಕ್ಷೆಗೆ ಕರೆದೊಯ್ದಿದ್ದರು. ವರದಿ ಇಂಗ್ಲಿಷಿನಲ್ಲಿತ್ತು. ಕನ್ನಡ ವಿಮರ್ಶೆಯ ಮೇಲೆ ಸಂಶೋಧನೆ ಮಾಡುತ್ತಿರುವ ನನಗೆ ಪಠ್ಯಗಳನ್ನು ಓದುವುದೇ ಕೆಲಸ. ಆದರೆ ನನ್ನ ಓದಿನ ಮೇಲೆ ಒಂದು ಮನೆಯ ನೆಮ್ಮದಿ ನಿಂತದ್ದು ಅದೇ ಮೊದಲು.

ವರದಿಯ ಸಾರ ಇಷ್ಟು: ಬುದ್ಧಿಮಟ್ಟ ವಯಸ್ಸಿಗೆ ತಕ್ಕಂತಿದೆ, ಇಂಗ್ಲಿಷ್ ಓದು ಮತ್ತು ಕಾಗುಣಿತ ತರಗತಿಗಿಂತ ಎರಡು ವರ್ಷ ಹಿಂದಿದೆ, ಇದು ನಿರ್ದಿಷ್ಟ ಕಲಿಕಾ ನ್ಯೂನತೆ, ಜೊತೆಗೆ ಸ್ವಲ್ಪ ಆತಂಕವಿದೆ. “ದಡ್ಡ ಅಲ್ಲ ಅಕ್ಕಾ” ಎಂದೆ. ಅವಳು ಸೆರಗಿನಿಂದ ಕಣ್ಣೊರೆಸಿಕೊಂಡು, “ನಂಗ ಅದು ಗೊತ್ತಿತ್ತು. ಯಾರರೆ ಬರದು ಕೊಡಬೇಕಾಗಿತ್ತು” ಎಂದಳು. ಈ ಪರೀಕ್ಷೆಗಳನ್ನು ಟೀಕಿಸಲು ಹೊರಡುವ ಯಾರೂ ಆ ಮಾತನ್ನು ಮರೆಯಬಾರದು. 2016ರ ವಿಕಲಚೇತನರ ಹಕ್ಕುಗಳ ಕಾಯ್ದೆ ಈ ನ್ಯೂನತೆಯನ್ನು ತನ್ನ ಪಟ್ಟಿಗೆ ಸೇರಿಸಿಕೊಂಡಿದೆ. ಪರೀಕ್ಷೆಯಲ್ಲಿ ಹೆಚ್ಚಿನ ಸಮಯ ಸಿಗಬೇಕಾದರೂ ಇಂಥ ಕಾಗದವೇ ಬೇಕು.

ನನ್ನನ್ನು ಕಾಡಿದ್ದು ಕೊನೆಯ ಪುಟದ ಒಂದು ಸಾಲು: ಹೊರೆ ತಗ್ಗಿಸಲು ಎರಡನೇ ಭಾಷೆಯಿಂದ ವಿನಾಯಿತಿ ಪರಿಗಣಿಸಬಹುದು. ಎರಡನೇ ಭಾಷೆಯೆಂದರೆ ಕನ್ನಡ. ಆರೂ ಪುಟಗಳಲ್ಲಿ ಹುಡುಗನಿಂದ ಒಂದಕ್ಷರ ಕನ್ನಡ ಓದಿಸಿದ ದಾಖಲೆ ಇರಲಿಲ್ಲ.

ಇಂಥ ಬರವಣಿಗೆಯ ಮೂಲ ಹುಡುಕುತ್ತ ಹೋದರೆ ಪ್ಯಾರಿಸ್ಸಿನ ಆಲ್ಫ್ರೆಡ್ ಬಿನೆ ಸಿಗುತ್ತಾನೆ. ಸಾಮಾನ್ಯ ತರಗತಿಯಲ್ಲಿ ಕಲಿಯಲಾಗದ ಮಕ್ಕಳಿಗೆ ವಿಶೇಷ ಶಿಕ್ಷಣ ಕೊಡುವ ಯೋಚನೆ ಫ್ರೆಂಚ್ ಸರ್ಕಾರಕ್ಕೆ ಬಂದಾಗ, ಅವರನ್ನು ಗುರುತಿಸಲು ಅವನು ಥಿಯೊಡೋರ್ ಸಿಮೋನ್ ಜೊತೆ 1905ರಲ್ಲಿ 30 ಪ್ರಶ್ನೆಗಳ ಮಾಪನ ರಚಿಸಿದ. ಬುದ್ಧಿ ಹುಟ್ಟಿನಿಂದಲೇ ಗೊತ್ತಾದ, ಬೆಳೆಯದ ಮೊತ್ತವೆಂಬ ನಂಬಿಕೆಯನ್ನು ಬಿನೆ 1909ರಲ್ಲಿ ಬಲವಾಗಿ ವಿರೋಧಿಸಿದ. ಅವನು ತೀರಿಕೊಂಡದ್ದು 1911ರಲ್ಲಿ. ಮರುವರ್ಷವೇ ಜರ್ಮನಿಯ ವಿಲಿಯಂ ಸ್ಟರ್ನ್ ಮಾನಸಿಕ ವಯಸ್ಸನ್ನು ನಿಜ ವಯಸ್ಸಿನಿಂದ ಭಾಗಿಸುವ ಲೆಕ್ಕ ಸೂಚಿಸಿದ. 1916ರಲ್ಲಿ ಅಮೆರಿಕದ ಲೂಯಿಸ್ ಟರ್ಮನ್ ಅದನ್ನು ನೂರರಿಂದ ಗುಣಿಸಿದ ಐಕ್ಯೂವನ್ನು ಚಾಲ್ತಿಗೆ ತಂದ. ಯಾರಿಗೆ ಸಹಾಯ ಬೇಕು ಎಂಬ ಪ್ರಶ್ನೆ, ಯಾರು ಎಷ್ಟು ಬುದ್ಧಿವಂತರು ಎಂಬ ಪ್ರಶ್ನೆಯಾಗಿ ಬದಲಾಯಿತು.

ಈ ಮಾಪನ ಕನ್ನಡಕ್ಕೂ ಬಂತು. ವಿ.ವಿ. ಕಾಮತ್ ಕನ್ನಡ ಮತ್ತು ಮರಾಠಿ ಮಾತಾಡುವ ಮಕ್ಕಳಿಗಾಗಿ ಬಿನೆ ಮಾಪನವನ್ನು ಪರಿಷ್ಕರಿಸಿ 1934ರಲ್ಲಿ ಪ್ರಕಟಿಸಿದರು. 1940ರಲ್ಲಿ ಅದರ ಬಗ್ಗೆ ಇಂಗ್ಲಿಷ್ ಪುಸ್ತಕ ಬಂತು. ‘ಬಿನೆ-ಕಾಮತ್’ ಪರೀಕ್ಷೆ ದಶಕಗಳ ಕಾಲ ನಮ್ಮ ಆಸ್ಪತ್ರೆಗಳಲ್ಲಿ ಬಳಕೆಯಲ್ಲಿತ್ತು. ಅನುವಾದದ ಚರಿತ್ರೆ ಓದುವಾಗ ನಾವು ನಾಟಕ, ಕಾದಂಬರಿ, ಬೈಬಲ್ಲುಗಳನ್ನು ಓದುತ್ತೇವೆ. ಕಾಮತರ ಕೆಲಸವನ್ನು ಅನುವಾದವೆಂದು ಓದಿದವರು ನನಗೆ ಸಿಕ್ಕಿಲ್ಲ. ಪ್ರಶ್ನೆಯೊಂದನ್ನು ಕನ್ನಡಕ್ಕೆ ತಂದರಾಯಿತೇ? ಯಾವ ವಯಸ್ಸಿನ ಕನ್ನಡದ ಮಗು ಅದಕ್ಕೆ ಉತ್ತರಿಸೀತು ಎಂಬುದನ್ನು ಇಲ್ಲಿಯ ಮಕ್ಕಳನ್ನೇ ಕೇಳಿ ತಿಳಿಯಬೇಕು. ಆ ಎಚ್ಚರ ಅವರಲ್ಲಿತ್ತು. ಆದರೆ ಮಕ್ಕಳ ಲೋಕ ಬದಲಾದ ಮೇಲೂ ಹಳೆಯ ಅಳತೆಗೋಲನ್ನೇ ಹಿಡಿದು ಕೂತದ್ದು ನಂತರದವರ ಆಲಸ್ಯ.

ಬಿನೆಯ 1905ರ ಪಟ್ಟಿಯಲ್ಲಿ ಗಾಜಿಗೂ ಕಟ್ಟಿಗೆಗೂ ಏನು ವ್ಯತ್ಯಾಸ ಎಂಬ ಪ್ರಶ್ನೆಯಿದೆ. ಒಂದು ಸಂಜೆ ಸುಮ್ಮನೆ ಅಳಿಯನನ್ನು ಕೇಳಿದೆ. “ಗಾಜು ಒಡದ್ರ ಅವ್ವ ಬೈತಾಳ ಮಾಮಾ, ಕಟ್ಟಿಗಿ ಒಡದ್ರ ಬೈಯಂಗಿಲ್ಲ” ಎಂದ. ನಕ್ಕು, ಆಮೇಲೆ ಯೋಚಿಸಿದೆ. ವಸ್ತುಗಳ ಗುಣ ಹೇಳುವ ಉತ್ತರವನ್ನೇ ನಿರೀಕ್ಷಿಸುವವರಿಗೆ ಇದು ತಪ್ಪು. ಆದರೆ ಗಾಜು ಒಡೆದರೆ ಮತ್ತೆ ಕೂಡದು, ಕಟ್ಟಿಗೆಯನ್ನು ಒಡೆಯುವುದೇ ಒಲೆಗಾಗಿ ಎಂಬ ತಿಳಿವಳಿಕೆ ಆ ಮಾತಿನೊಳಗಿದೆ. ಅವನು ಅದನ್ನು ಅವ್ವನ ಮೂಲಕ ಹೇಳಿದ. ಕಥೆಗಾರರು ಮಾಡುವುದೂ ಇದನ್ನೇ. ಅಂಕವೆಷ್ಟೆಂಬುದು ಕೇಳುವವರ ಓದಿಗೆ ಬಿಟ್ಟದ್ದು.

ಭಾವನೆಗಳ ಪರೀಕ್ಷೆಯಲ್ಲಂತೂ ಈ ನಂಟು ಇನ್ನೂ ಹತ್ತಿರದ್ದು. ಚಿತ್ರ ತೋರಿಸಿ ಕಥೆ ಹೇಳಿಸುವ ಥೀಮ್ಯಾಟಿಕ್ ಅಪರ್ಸೆಪ್ಷನ್ ಟೆಸ್ಟನ್ನು 1935ರಲ್ಲಿ ಕ್ರಿಸ್ಟಿಯಾನಾ ಮಾರ್ಗನ್ ಜೊತೆ ರೂಪಿಸಿದ ಹೆನ್ರಿ ಮರ್ರೆ, ಹರ್ಮನ್ ಮೆಲ್ವಿಲ್ ಕುರಿತು ಬರೆದ ವಿಮರ್ಶಕನೂ ಹೌದು. ಅದರ ಒಂದು ಕಾರ್ಡ್ ಪೂರ್ತಿ ಖಾಲಿ. ಮಕ್ಕಳಿಗಾಗಿ ಪ್ರಾಣಿಗಳ ಚಿತ್ರವಿರುವ ಪರೀಕ್ಷೆ 1949ರಲ್ಲಿ ಬಂತು. ಅಳಿಯನೂ ಚಿತ್ರ ನೋಡಿ ಕಥೆ ಹೇಳಿದ್ದನಂತೆ. ವರದಿಯಲ್ಲಿ ಆ ಕಥೆಗಳಿಲ್ಲ, ‘ಆತಂಕ’ ಎಂಬ ತೀರ್ಮಾನ ಮಾತ್ರ ಇದೆ. ಕವಿತೆಯನ್ನು ಉಲ್ಲೇಖಿಸದೆ ಕವಿಯ ಬಗ್ಗೆ ತೀರ್ಪು ಕೊಡುವ ವಿಮರ್ಶೆಯನ್ನು ನಾವು ಒಪ್ಪುತ್ತೇವೆಯೇ?

ಇನ್ನು ಕನ್ನಡದ ಪ್ರಶ್ನೆ. ಇಂಗ್ಲಿಷಿನ 26 ಅಕ್ಷರಗಳಲ್ಲಿ ಕಷ್ಟವಿರುವುದು ಬರಹಕ್ಕೂ ಉಚ್ಚಾರಕ್ಕೂ ಹೊಂದದಿರುವುದರಲ್ಲಿ. ಕನ್ನಡದಲ್ಲಿ ಆ ತೊಡಕು ಕಡಿಮೆ, ಆದರೆ ಗುಣಿತಾಕ್ಷರಗಳೇ ನಾನೂರು ದಾಟುತ್ತವೆ, ಮೇಲೆ ಒತ್ತಕ್ಷರಗಳು. ಕನ್ನಡ ಮಕ್ಕಳ ಅಕ್ಷರಕಲಿಕೆ ಮೊದಲೆರಡು ತರಗತಿಗಳಲ್ಲಿ ಮುಗಿಯದೆ ಮುಂದಕ್ಕೂ ಚಾಚುತ್ತದೆಂದು ಸೊನಾಲಿ ನಾಗ್ 2007ರ ತಮ್ಮ ಅಧ್ಯಯನದಲ್ಲಿ ತೋರಿಸಿದ್ದಾರೆ. ಹಾಗಾಗಿ ಒಂದು ಭಾಷೆಯ ಓದನ್ನು ಅಳೆದು ಇನ್ನೊಂದರ ಬಗ್ಗೆ ತೀರ್ಮಾನ ಕೊಡಲಾಗದು. ಕನ್ನಡದಲ್ಲಿ ಅಳೆಯುವ ಸಾಧನ ಇಲ್ಲವೆನ್ನುವಂತೆಯೂ ಇಲ್ಲ. ಮಾನೇಸರದ ರಾಷ್ಟ್ರೀಯ ಮಿದುಳು ಸಂಶೋಧನಾ ಕೇಂದ್ರ 2015ರಲ್ಲಿ ಹೊರತಂದ ‘ಡಾಲಿ’ ಹಿಂದಿ, ಮರಾಠಿ, ಇಂಗ್ಲಿಷಿನ ಜೊತೆ ಕನ್ನಡದಲ್ಲೂ ಇದೆ.

ಕನ್ನಡದವನಾದ ನನಗೆ ಇಲ್ಲಿ ಸ್ವಾರ್ಥವಿದೆ ಎಂದು ಯಾರಾದರೂ ಹೇಳಬಹುದು. ಇದೆ. ಅದಕ್ಕೇ ಕನ್ನಡ ಬಿಡಿಸಬೇಡ ಎಂದು ಅಕ್ಕನಿಗೆ ಹೇಳಲಿಲ್ಲ, ಕನ್ನಡದಲ್ಲೂ ಓದಿಸಿ ನೋಡೋಣ ಎಂದೆ. ಎರಡನೇ ಬಾರಿ ಬೇರೆ ಕಡೆ ಹೋದೆವು. ಅವನು ಕನ್ನಡದಲ್ಲೂ ತಡವರಿಸಿದ. ಒತ್ತಕ್ಷರ ಬಂದಲ್ಲೆಲ್ಲ ನಿಂತ. ಮಾತೃಭಾಷೆ ತಾನಾಗಿ ಕೈಹಿಡಿಯುತ್ತದೆಂಬ ನನ್ನ ನಂಬಿಕೆ ಅಲ್ಲಿ ಸೋತಿತು. ಆದರೆ ಓದಿ ಹೇಳಿದ ಕನ್ನಡದ ಕಥೆಯನ್ನು ಅವನು ಪೂರ್ತಿ ತಿರುಗಿ ಹೇಳಿದ. ಇಂಗ್ಲಿಷಿನದು ಅರ್ಧಕ್ಕೇ ನಿಂತಿತು. ಆ ಮೇಡಂ ಅದನ್ನೂ ಬರೆದರು. ಅವನು ಹೇಳಿದ ಎರಡು ವಾಕ್ಯಗಳನ್ನು ಇದ್ದ ಹಾಗೆಯೇ ಸೇರಿಸಿದರು.

ಬರುವ ಸೋಮವಾರ ಆ ವರದಿ ಹಿಡಿದು ಶಾಲೆಗೆ ಹೋಗುತ್ತೇವೆ. ಕನ್ನಡವನ್ನು ಬಿಡದೆ, ಬರೆಯುವ ಬದಲು ಬಾಯಲ್ಲಿ ಉತ್ತರ ಹೇಳಲು ಅವಕಾಶ ಕೊಡಿ ಎಂದು ಕೇಳಬೇಕೆಂದುಕೊಂಡಿದ್ದೇವೆ.