ಬಾಚಣಿಗೆ ಕಾಣಿಸುವ ಚಿತ್ರ

ಅಬಲೂರಿನಂಥ ಊರಲ್ಲಿ ಹೊಟ್ಟೆನೋವೆಂದರೆ ಮೊದಲು ಅಜಿವಾನ, ಆಮೇಲೆ ಹಿರೇಕೆರೂರಿನ ಡಾಕ್ಟರು. ಲೂಪಸ್ ಇರುವ ಹೆಣ್ಣುಮಗಳಿಗೆ ಅಷ್ಟು ಸಾಲದು. ಮೈ ಕಾಯಬೇಕಾದ ಶಕ್ತಿಯೇ ತಿರುಗಿಬಿದ್ದು ಕರುಳಿನ ರಕ್ತನಾಳಗಳನ್ನು ಕೆರಳಿಸಿರಬಹುದು. ಹೊಟ್ಟೆ ಒತ್ತಿ ನೋಡಿದರೆ ಗೊತ್ತಾಗುವುದು ಕಷ್ಟ. ಸ್ಟಿರಾಯ್ಡ್ ಗುಳಿಗೆ ಲಕ್ಷಣಗಳನ್ನು ಮರೆಮಾಡಿರುತ್ತದೆ. ಸಿ.ಟಿ. ಸ್ಕ್ಯಾನಿನಲ್ಲಿ ಆ ಮರೆ ಸರಿಯುತ್ತದೆ. ಊದಿದ ಕರುಳಿನ ಗೋಡೆ, ಬಳೆಯೊಳಗೆ ಬಳೆ ಇಟ್ಟಂತೆ. ಅದರತ್ತ ಸಾಲಾಗಿ ನಿಂತ ಉಬ್ಬಿದ ನಾಳಗಳು, ಥೇಟ್ ಬಾಚಣಿಗೆಯ ಹಲ್ಲು. ರೇಡಿಯಾಲಜಿಯವರು ಇಟ್ಟ ಹೆಸರೂ ಅದೇ. 1971ರಲ್ಲಿ ಹೌನ್ಸ್‌ಫೀಲ್ಡರ ಮೊದಲ ಸಿ.ಟಿ. ಯಂತ್ರ ನೋಡಿದ್ದು ತಲೆಯನ್ನಷ್ಟೇ. ಇಂದು ಅದು ಎಷ್ಟೋ ಹೊಟ್ಟೆಗಳನ್ನು ಕತ್ತರಿಯಿಂದ ಉಳಿಸುತ್ತಿದೆ. ಬೇಗ ಕಂಡರೆ ಕರುಳಿನ ಈ ಊತ ಬಹಳ ಸಲ ಔಷಧಿಗೇ ಬಗ್ಗುತ್ತದೆ. ಸ್ಕ್ಯಾನಿಗಾಗಿ ಕಾಂಟ್ರಾಸ್ಟ್ ದ್ರವ ಚುಚ್ಚುವ ಮುನ್ನ ಕಿಡ್ನಿಯ ರಿಪೋರ್ಟನ್ನು ಮರೆಯದೆ ತೋರಿಸಿ.