ತಾರಸಿಯ ಮೇಲಿನ ನಗು

ಮಗಳ ಬಾಣಂತನಕ್ಕೆಂದು 2019ರ ಜನವರಿಯಲ್ಲಿ ನಾನು ಬಾರ್ಸಿಲೋನಾಕ್ಕೆ ಹೋಗಬೇಕಾಯಿತು. ಹತ್ತನೆಯ ತರಗತಿಯ ಪರೀಕ್ಷೆ ಎದುರಿಗಿರುವಾಗ ಗಳಿಕೆ ರಜೆ ಕೇಳುವ ಕನ್ನಡ ಟೀಚರನ್ನು ಯಾವ ಹೆಡ್‌ಮಾಸ್ತರರೂ ಪ್ರೀತಿಯಿಂದ ನೋಡುವುದಿಲ್ಲ. ಆ ಕತೆ ಇಲ್ಲಿ ಬೇಡ. ಓಮ, ಬಜೆ, ಒಣಶುಂಠಿ, ಅಂಟಿನುಂಡೆಗಳ ಗಂಟು ಕಟ್ಟಿಕೊಂಡು ಹೋದವಳು ಬರುವಾಗ ಒಬ್ಬ ವಿದೂಷಕನ ಗೀಳು ಹಚ್ಚಿಕೊಂಡು ಬಂದೆ.

ಮೊಮ್ಮಗಳು ಹಗಲೆಲ್ಲ ನಿದ್ದೆ ಮಾಡಿ ರಾತ್ರಿ ಹನ್ನೆರಡಕ್ಕೆ ಸರಿಯಾಗಿ ಕಣ್ಣು ಬಿಡುತ್ತಿದ್ದಳು. ಅವಳನ್ನು ಕಾಲ ಮೇಲೆ ಹಾಕಿಕೊಂಡು ಕೂತರೆ, ಸದ್ದು ತಗ್ಗಿಸಿಟ್ಟ ಟೀವಿಯಲ್ಲಿ ಅದೇ ಹೊತ್ತಿಗೆ ಸೂಟು ಹಾಕಿದ ಒಬ್ಬ ಮನುಷ್ಯ ಬಂದು ನಿಂತು ಮಾತಾಡುತ್ತಿದ್ದ. ‘ಲೇಟ್ ಮೋತಿವ್’ ಎಂದು ಕಾರ್ಯಕ್ರಮದ ಹೆಸರು. ನನಗೆ ಒಂದಕ್ಷರ ತಿಳಿಯುತ್ತಿರಲಿಲ್ಲ. ಆದರೂ ನಾಲ್ಕನೆಯ ರಾತ್ರಿಯ ಹೊತ್ತಿಗೆ ನನಗೆ ಒಂದು ಸಂಗತಿ ಹೊಳೆಯಿತು. ನಗೆಮಾತು ಫಲಿಸಿದಾಗ ಈತ ಸುಮ್ಮನೆ ಮುಂದೆ ಹೋಗುತ್ತಾನೆ. ಫಲಿಸದೆ ಠುಸ್ಸೆಂದಾಗ ಮಾತ್ರ ನಿಲ್ಲುತ್ತಾನೆ, ಜನರ ಮುಖ ನೋಡುತ್ತಾನೆ, ತಾನೇ ನಗಲು ಶುರುಮಾಡುತ್ತಾನೆ. ಅಲ್ಲಿಯವರೆಗೆ ಬಿಗಿದು ಕೂತಿದ್ದವರು ಆಗ ಬಿದ್ದು ಬಿದ್ದು ನಗುತ್ತಾರೆ. ಮೂವತ್ತು ವರ್ಷ ಪಾಠ ಹೇಳಿದವಳಿಗೆ ಇದರ ಕಷ್ಟ ಗೊತ್ತು. ಬೋರ್ಡಿನ ಮೇಲೆ ತಪ್ಪು ಬರೆದಾಗ ಅದನ್ನು ಮಕ್ಕಳಿಗೆ ಕಾಣದಂತೆ ಒರೆಸುವವರೇ ನಾವೆಲ್ಲ.

ಇವನ ಹೆಸರು ಆಂದ್ರೆವ್ ಬ್ವೆನಾಫ್ವೆಂತೆ. ಹೇಳಲು ನಾಲಿಗೆ ತೊಡರಿದರೆ ಗಾಬರಿಯಾಗಬೇಡಿ, ನನಗೆ ಹದಿನೈದು ದಿನ ಹಿಡಿಯಿತು. ಕತಲೂನ್ಯ ಪ್ರಾಂತದ ರೇವುಸ್ ಎಂಬ ಊರಿನಲ್ಲಿ 1965ರಲ್ಲಿ ಹುಟ್ಟಿದವನು. ಊರಿನ ರೇಡಿಯೋದಿಂದ ಮೇಲೆ ಬಂದವನು. ಬ್ವೆನಾಫ್ವೆಂತೆ ಎಂದರೆ ಸ್ಪ್ಯಾನಿಷ್‌ನಲ್ಲಿ ಒಳ್ಳೆಯ ಚಿಲುಮೆ. ಆಂದ್ರೆವ್ ಎಂಬುದು ಮಾತ್ರ ಕತಲಾನ್ ಭಾಷೆಯ ಹೆಸರು. ಸ್ಪ್ಯಾನಿಷ್ ಆಗಿದ್ದರೆ ಆಂದ್ರೇಸ್ ಆಗುತ್ತಿತ್ತು. ಅರ್ಧ ಒಂದು ಭಾಷೆ, ಅರ್ಧ ಇನ್ನೊಂದು. ಜನರಲ್ ಫ್ರಾಂಕೋ 1975ರಲ್ಲಿ ಸಾಯುವವರೆಗೂ ಕತಲಾನ್‌ಗೆ ಶಾಲೆ, ಕಚೇರಿಗಳಲ್ಲಿ ಜಾಗವಿರಲಿಲ್ಲ. ಆಗ ಈ ಹುಡುಗನಿಗೆ ಹತ್ತು ವರ್ಷ. ಮುಂದೆ ಕತಲಾನ್‌ಗೆ ತನ್ನದೇ ಟೀವಿ ಚಾನೆಲ್ ಬಂತು, ಟೀವಿ-3. ಅದರಲ್ಲೇ 1995ರಲ್ಲಿ ಈತ ‘ಸೆನ್ಸೆ ತೀತೊಲ್’, ಅಂದರೆ ‘ಶೀರ್ಷಿಕೆಯಿಲ್ಲದ್ದು’ ಎಂಬ ಹೆಸರಿನಲ್ಲಿ ಕಾರ್ಯಕ್ರಮ ಮಾಡಿದ. ಆಮೇಲಿನದು ‘ಲಾ ಕೋಸಾ ನೋಸ್ತ್ರಾ’. ‘ನಮ್ಮ ವಿಷಯ’ ಎಂದೂ ಆಯಿತು, ಸಿಸಿಲಿಯ ಪಾತಕಿಗಳ ಕೂಟದ ಹೆಸರೂ ಆಯಿತು. ಅದು ಮುಗಿದ ಮೇಲಿನದಕ್ಕೆ ‘ಇನ್ನೊಂದು ವಿಷಯ’ ಎಂದೇ ಹೆಸರಿಟ್ಟ!

2005ರ ಜನವರಿಯಲ್ಲಿ ಆಂತೆನಾ-3 ಎಂಬ ಇಡೀ ದೇಶದ ಚಾನೆಲ್ ಕರೆಯಿತು. ಅಲ್ಲಿ ಸ್ಪ್ಯಾನಿಷ್ ಮಾತಾಡಬೇಕು. ಅಲ್ಲಿನ ಕಾರ್ಯಕ್ರಮದ ಹೆಸರು ಬರೇ ‘ಬ್ವೆನಾಫ್ವೆಂತೆ’. ನನಗೆ ಇದು ಕುತೂಹಲದ್ದು. ಸಣ್ಣ ಭಾಷೆಯಲ್ಲಿದ್ದಾಗ ಹೆಸರಿನಲ್ಲೇ ಶ್ಲೇಷೆಯಾಡುತ್ತಿದ್ದವನು ದೊಡ್ಡ ಭಾಷೆಯ ಬಾಗಿಲಿಗೆ ಬಂದಾಗ ತನ್ನ ಹೆಸರಿನ ಸ್ಪ್ಯಾನಿಷ್ ಅರ್ಧವನ್ನಷ್ಟೇ ಹಲಗೆಗೆ ಬರೆಸಿದ. ನಾನು ಮನೆಯಲ್ಲಿ ಹವ್ಯಕ ಮಾತಾಡಿ ಶಾಲೆಯಲ್ಲಿ ಪುಸ್ತಕದ ಕನ್ನಡ ಹೇಳಿದವಳು. ಮನೆಮಾತಿನಲ್ಲಿ ಹೊಟ್ಟೆ ಹುಣ್ಣಾಗಿಸುವ ಮಾತು ಕ್ಲಾಸಿನಲ್ಲಿ ಹೇಳಿದರೆ ಹಪ್ಪಳ ನೆನೆದಂತೆ ಮೆತ್ತಗಾಗುತ್ತದೆ. ಹಾಗಾದರೆ ಈತನ ನಗೆ ದಾಟಿದ್ದು ಹೇಗೆ?

ಅವನು ಒಬ್ಬನೇ ದಾಟಲಿಲ್ಲ ಎಂಬುದೇ ಉತ್ತರ ಎಂದು ನನಗೆ ತೋರುತ್ತದೆ. ಅವನ ತಂಡದ, ಮುಂದೆ ಕಂಪನಿಯೂ ಆದದ್ದರ ಹೆಸರು ‘ಎಲ್ ತೆರ್ರಾತ್’. ಕತಲಾನ್‌ನಲ್ಲಿ ತಾರಸಿ ಎಂದರ್ಥ. ಮಗಳ ಮನೆಯ ಕಟ್ಟಡಕ್ಕೂ ಒಂದು ತೆರ್ರಾತ್ ಇತ್ತು. ಬಾಣಂತಿಯ ಬಟ್ಟೆ ಒಣಹಾಕಲು ನಾನು ದಿನವೂ ಹತ್ತುತ್ತಿದ್ದೆ. ಎಲ್ಲ ಮನೆಯವರಿಗೂ ಸೇರಿದ, ಯಾರದೂ ಅಲ್ಲದ ಜಾಗ. ಅವನ ವೇದಿಕೆಯೂ ಹಾಗೆಯೇ. ಬಾರ್ಸಿಲೋನಾದ ಪಕ್ಕದ ಕಾಸ್ತೆಲ್‌ದೆಫೆಲ್ಸ್ ಊರಿನ ಪಡ್ಡೆ ಹುಡುಗನಾಗಿ ಎದು ಸೋತೋ ಎಂಬ ನಟನನ್ನು ಅವನು ಇಡೀ ಸ್ಪೇನಿನ ಮುಂದೆ ನಿಲ್ಲಿಸಿದ. ಪ್ರೇಕ್ಷಕರ ನಡುವೆ ಕೂತು ತಕರಾರು ತೆಗೆಯುವ ಪಾತ್ರ ಮಾಡುತ್ತಿದ್ದವನು ಜೋರ್ದಿ ಎವೊಲೆ. ಅವನೇ ಮುಂದೆ ದೊಡ್ಡ ಪತ್ರಕರ್ತನಾಗಿ 2019ರಲ್ಲಿ ಪೋಪ್ ಫ್ರಾನ್ಸಿಸ್ ಅವರನ್ನು ಸಂದರ್ಶಿಸಿದ. ಇನ್ನು ಚಿಕಿಲಿಕ್ವಾತ್ರೆಯ ಕತೆಯಂತೂ ಯಾರಾದರೂ ಕಟ್ಟಿದ್ದೆನ್ನಬೇಕು. ಆ ಹೊತ್ತಿಗೆ ಬ್ವೆನಾಫ್ವೆಂತೆ ಲಾ ಸೆಕ್ಸ್ತಾ ಎಂಬ ಇನ್ನೊಂದು ಚಾನೆಲ್ಲಿಗೆ ಹೋಗಿದ್ದ. ಕಾರ್ಯಕ್ರಮದ ತಮಾಷೆಗೆಂದು ದಾವಿದ್ ಫರ್ನಾಂದೆಸ್ ಎಂಬ ನಟ ಕೂದಲು ಉಬ್ಬಿಸಿ, ಆಟಿಕೆಯ ಗಿಟಾರು ಹಿಡಿದು ಒಂದು ಅಡ್ಡಾದಿಡ್ಡಿ ಹಾಡು ಹೇಳಿದ. ಜನ ಅದಕ್ಕೇ ಮತ ಹಾಕಿ 2008ರ ಯೂರೋವಿಷನ್ ಹಾಡಿನ ಸ್ಪರ್ಧೆಗೆ, ಬೆಲ್‌ಗ್ರೇಡ್‌ವರೆಗೆ, ಸ್ಪೇನ್ ದೇಶದ ಪ್ರತಿನಿಧಿಯಾಗಿ ಕಳಿಸಿಬಿಟ್ಟರು. ಅಲ್ಲಿ 55 ಅಂಕ, 16ನೆಯ ಸ್ಥಾನ. ಗಂಭೀರವಾಗಿ ಹಾಡಿದ ಎಷ್ಟೋ ಮಂದಿ ಅವನಿಗಿಂತ ಹಿಂದೆ ಬಿದ್ದರು.

ನಮ್ಮ ಅಳಿಯನಿಗೆ ಈತ ಅಷ್ಟಕ್ಕಷ್ಟೆ. “ಅತ್ತೆ, ನೀವು ವಯೋಮಿಂಗ್ ನೋಡ್ಬೇಕು” ಎನ್ನುತ್ತಿದ್ದ. ಎಲ್ ಗ್ರಾನ್ ವಯೋಮಿಂಗ್ ಎಂಬುವನು ವೈದ್ಯ ಓದಿ ಹಾಸ್ಯಕ್ಕಿಳಿದವನು, 2006ರಿಂದ ಲಾ ಸೆಕ್ಸ್ತಾದಲ್ಲಿ ರಾಜಕಾರಣಿಗಳ ಚರ್ಮ ಸುಲಿದವನು. ನೋಡಿದೆ. ಚುರುಕು ಹೌದು. ಅಳಿಯನ ಮಾತಿನಲ್ಲಿ ಸತ್ಯವೂ ಇತ್ತು: ಬ್ವೆನಾಫ್ವೆಂತೆ ಅತಿಥಿಯನ್ನು ಇಕ್ಕಟ್ಟಿಗೆ ತಳ್ಳುವ ಪ್ರಶ್ನೆ ಕೇಳಿದ್ದನ್ನು ನಾನು ಹೆಚ್ಚು ಕಾಣೆ. ಬಂದವರು ಹಾಯಾಗಿ ಎದ್ದು ಹೋಗುತ್ತಾರೆ. ಅದು ಅವನ ದೌರ್ಬಲ್ಯ ಎಂದು ಒಪ್ಪಿಕೊಳ್ಳಲು ನನಗೆ ಅಡ್ಡಿಯಿಲ್ಲ.

ನನ್ನ ತಕರಾರು ಬೇರೆ. ಊರಿಗೆ ಮರಳಿದ ಮೇಲೆ ಯೂಟ್ಯೂಬಿನಲ್ಲಿ, ಕೆಳಗೆ ಓಡುವ ಇಂಗ್ಲಿಷ್ ಸಾಲು ಓದಿಕೊಂಡು ಹಳೆಯ ತುಣುಕುಗಳನ್ನು ಬಹಳ ನೋಡಿದೆ. ಆ ತಾರಸಿಗೆ ಹತ್ತಿದವರಲ್ಲಿ ಗಂಡಸರೇ ಹೆಚ್ಚು. ಸೋತೋ, ಎವೊಲೆ, ಫರ್ನಾಂದೆಸ್. ಬಲಗೈಯಂತಿರುವ ಬೆರ್ತೋ ರೊಮೇರೋ, ಇವನೊಡನೆ 2013ರಿಂದ ರೇಡಿಯೋದಲ್ಲಿ ಜನ ಬರೆದುಕೊಟ್ಟ ಚೀಟಿ ಎತ್ತಿ ಬಾಯಿಗೆ ಬಂದಂತೆ ಉತ್ತರಿಸುವ ‘ಯಾರಿಗೂ ಏನೂ ಗೊತ್ತಿಲ್ಲ’ ಎಂಬ ಕಾರ್ಯಕ್ರಮ ಕಟ್ಟಿದವನು. ಕೊನೆಗೆ, ಲೇಟ್ ಮೋತಿವ್‌ನ ಬೆನ್ನಿಗೇ ತನ್ನ ಕಾರ್ಯಕ್ರಮ ಪಡೆದ ದಾವಿದ್ ಬ್ರೊಂಕಾನೋ. ಇವರೆಲ್ಲ ಪರಸ್ಪರ ಮಾತು ಎತ್ತಿಕೊಟ್ಟು, ಕಿತ್ತುಕೊಂಡು ನಗುವುದನ್ನು ನೋಡುವಾಗ ನನಗೆ ನನ್ನ ಕ್ಲಾಸಿನ ಕೊನೆಯ ಬೆಂಚು ನೆನಪಾಗುತ್ತಿತ್ತು. ಹುಡುಗರು ತಮಾಷೆ ಮಾಡುತ್ತಾರೆ, ಹುಡುಗಿಯರು ಬಾಯಿಗೆ ಕೈ ಅಡ್ಡ ಹಿಡಿದು ನಗುತ್ತಾರೆ. ತಮಾಷೆ ಮಾಡಿದ ಹುಡುಗಿಯನ್ನು ‘ಗಂಡುಬೀರಿ’ ಎಂದು ನಾನೇ ಒಮ್ಮೆ ಸ್ಟಾಫ್ ರೂಮಿನಲ್ಲಿ ಅಂದದ್ದುಂಟು.

ಆ ಕೂಟದಲ್ಲಿ ಅವನ ಬಾಳಸಂಗಾತಿ ಸಿಲ್ವಿಯಾ ಅಬ್ರಿಲ್ ಕೂಡ ಇದ್ದಾಳೆ. ಒಳ್ಳೆಯ ನಟಿ, ಅಂಜಿಕೆಯೇ ಇಲ್ಲದವಳು. ಆದರೆ ಅವನ ಕಾರ್ಯಕ್ರಮದಲ್ಲಿ ಅವಳಿಗೆ ಹೆಸರು ತಂದದ್ದು ‘ಶ್ರೆಕ್‌ನ ಹುಡುಗಿ’ ಎಂಬ ಕಿರಿಚಾಟದ ಪಾತ್ರ. ವಿಕಾರವಾಗಿ ವೇಷ ಹಾಕಿದರೆ ಹೆಂಗಸಿಗೆ ನಗಿಸುವ ಅಪ್ಪಣೆ ಸಿಗುತ್ತದೆ. ಸೂಟು ಹಾಕಿ ನೆಟ್ಟಗೆ ನಿಂತು ದಿನದ ಸುದ್ದಿಯನ್ನು ಆಡಿಕೊಳ್ಳುವ ಜಾಗ ಅವನದೇ. ತನ್ನನ್ನು ಇಷ್ಟು ಚೆನ್ನಾಗಿ ಕಿರಿದು ಮಾಡಿಕೊಳ್ಳಬಲ್ಲವನಿಗೆ ಇದು ಕಾಣಲಿಲ್ಲವೇ ಎಂದು ಎಷ್ಟೋ ಸಲ ನನಗೆ ಬೇಸರವಾಗಿದೆ. ಲೇಟ್ ಮೋತಿವ್ 2021ರ ಡಿಸೆಂಬರಿನಲ್ಲಿ ಮುಗಿಯಿತು, ಆ ಜಾಗ ಕೊನೆಯವರೆಗೂ ಅವನದೇ ಆಗಿತ್ತು.

ಆದರೆ ಒಂದು ರಾತ್ರಿಯನ್ನು ಇಲ್ಲಿ ಹೇಳಲೇಬೇಕು. ಸ್ಪೇನಿನ ಸಿನಿಮಾದವರಿಗೆ ಕೊಡುವ ಗೋಯಾ ಪ್ರಶಸ್ತಿಯ ಸಮಾರಂಭವನ್ನು 2010, 2011ರಲ್ಲಿ ಬ್ವೆನಾಫ್ವೆಂತೆ ಒಬ್ಬನೇ ನಡೆಸಿದ್ದ. 2019ರ ಫೆಬ್ರವರಿ 2ರಂದು ಸೆವಿಲ್ಯಾದಲ್ಲಿ ನಡೆದದ್ದಕ್ಕೆ ಇಬ್ಬರನ್ನೂ ಒಟ್ಟಿಗೆ ಕರೆದಿದ್ದರು. ಮೊಮ್ಮಗಳಿಗೆ ಆಗ ಹನ್ನೆರಡು ದಿನ. ಮಗಳು ದಿಂಬಿಗೊರಗಿ ಮಂಚದಲ್ಲೇ ಕೂತಿದ್ದಳು, ಟೀವಿಯನ್ನು ಅಲ್ಲಿಗೇ ತಂದಿಟ್ಟಿದ್ದೆವು. ಅವಳು ಈ ಸಲ ಯಾವ ವೇಷದ ಮರೆಯಲ್ಲೂ ಇರಲಿಲ್ಲ. ಅವನ ಪಕ್ಕದಲ್ಲಿ, ಅವನಷ್ಟೇ ಮಾತು ಹಂಚಿಕೊಂಡು ನಿಂತಿದ್ದಳು. ಅವಳು ಮಾತಾಡುವಾಗ ಅವನು ಏನು ಮಾಡುತ್ತಾನೆ ಎಂದು ನಾನು ಅವನನ್ನೇ ನೋಡುತ್ತಿದ್ದೆ. ಠುಸ್ಸೆಂದ ನಗೆಮಾತಿನ ಮುಂದೆ ನಿಲ್ಲುತ್ತಾನಲ್ಲ, ಹಾಗೇ ಕೈ ಇಳಿಬಿಟ್ಟು ನಿಂತಿದ್ದ.

ಅವಳು ಏನೋ ಅಂದಳು. ಅಳಿಯ ನನಗೆ ಅದನ್ನು ಕನ್ನಡಕ್ಕೆ ತಿರುಗಿಸುವಷ್ಟರಲ್ಲಿ ಮಗಳು ಹೊಟ್ಟೆ ಹಿಡಿದುಕೊಂಡು, “ಆಯೀ, ಅದನ್ನ ಬಂದ್ ಮಾಡೇ, ಹೊಲಿಗೆ ಎಳೀತು” ಎಂದು ಕಣ್ಣಲ್ಲಿ ನೀರು ಬರುವಂತೆ ನಗುತ್ತಿದ್ದಳು. ಬಾಯಿಗೆ ಕೈ ಅಡ್ಡ ಹಿಡಿಯಲು ಅವಳಿಗೆ ಕೈ ಬಿಡುವಿರಲಿಲ್ಲ.